ಎಪ್ಪತ್ತನಾಲ್ಕನೆಯ ಕಲ್ಲಿನ ಬಳಿ ಇದ್ದವನು

ಡೆಂಕಣಿಕೋಟೆ ಪಕ್ಕದ ಹಳ್ಳಿಯೊಂದರ ಕುಮಾರೇಶ್‌ಗೆ ಈಗ ನಲವತ್ತೆರಡು ವರ್ಷ. ಮತ್ತಿಗಿರಿಯಾಚೆಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಊರಿನಲ್ಲಿ ಎರಡೂಕಾಲು ಎಕರೆ ರಾಗಿ ಹೊಲ. ಅವನ ತಮ್ಮ ಮುನಿರಾಜ್ ಪುದುಚೇರಿಯ ಸಮುದ್ರ ನೋಡಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಒಬ್ಬನೇ ಮರಳುತ್ತಿದ್ದಾಗ, 2023ರ ಮೇ 19ರಂದು, ಸೆಂಜಿಗೂ ತಿರುವಣ್ಣಾಮಲೆಗೂ ನಡುವೆ ಲಾರಿಗೆ ಸಿಕ್ಕಿ ಸತ್ತ. ಇಷ್ಟು ಪೊಲೀಸ್ ದಾಖಲೆಯಲ್ಲಿದೆ. ಉಳಿದದ್ದನ್ನು ಕುಮಾರೇಶ್ ನನಗೆ ಹೇಳಿದಂತೆ ಬರೆಯುತ್ತಿದ್ದೇನೆ. ದೆವ್ವಭೂತಗಳನ್ನು ನಾನು ನಂಬುವವನಲ್ಲ.

ದಾರಿಯಲ್ಲಿ ಸತ್ತವರನ್ನು ಮನೆಗೆ ಕರೆತರುವ ಕ್ರಮ ಅವರ ಮನೆತನದಲ್ಲಿದೆ. ಸತ್ತ ಜಾಗದಿಂದ ನಿಂಬೆಹಣ್ಣಿನಷ್ಟು ಕಲ್ಲೊಂದನ್ನೆತ್ತಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಹಿಂದಿನ ಸೀಟಿನಲ್ಲಿರಿಸಿ ತರಬೇಕು. ಸೇತುವೆ, ತಿರುವು, ಕೂಡುರಸ್ತೆ ಬಂದಾಗಲೆಲ್ಲ ಸತ್ತವರಿಗೆ ಕೇಳುವಂತೆ ಹೇಳಬೇಕು. ಇಲ್ಲವಾದರೆ ಅವರು ಅಲ್ಲೇ ಉಳಿದುಬಿಡುತ್ತಾರೆ. ಹಿಂತಿರುಗಿ ನೋಡಕೂಡದು. ಆ ಜೂನ್ ತಿಂಗಳಲ್ಲೇ ಕುಮಾರೇಶ್ ಹೋಗಿ ಕಲ್ಲು ತಂದ. ಆದರೆ ತಾಯಿ ರಾಮಲಕ್ಷ್ಮಮ್ಮನಿಗೆ ನಿದ್ದೆ ಬರಲಿಲ್ಲ. ಹತ್ತು ತಿಂಗಳು ಒಂದೇ ಮಾತು:

"ನೀನ್ ಕರ್ಕೊಂಡ್ ಬಂದಿರೋದು ನಮ್ ಮುನೀನಲ್ಲ ಕಣ್ಲಾ. ಈತ ಒಳಕ್ಕೇ ಬರಾಕಿಲ್ಲ ಅಂತವ್ನೆ. ವಸ್ಲಾಚೆ ಕುಂತವ್ನೆ, ನೆಂಟ್ರ ಮನೇಗ್ ಬಂದೋನಂಗೆ."

ಮುನಿರಾಜ್ ಸತ್ತ ಆ ರಸ್ತೆಯನ್ನು 1989ರಲ್ಲಿ ಸರ್ವೆಯ ಸರಪಳಿ ಹಿಡಿದು ಅಳೆದವರಲ್ಲಿ ನಾನೂ ಒಬ್ಬ. ಅದನ್ನು ಕೇಳಿ ತಿಳಿದು, 2024ರ ಏಪ್ರಿಲ್‌ನಲ್ಲಿ ಕುಮಾರೇಶ್ ಆ ದಾಖಲೆಯ ಪ್ರತಿಯೊಂದಿಗೆ ಹೊಸೂರಿನ ನನ್ನ ಮನೆಗೆ ಬಂದ. 'ಎಪ್ಪತ್ತನಾಲ್ಕನೆಯ ಕಿಲೋಮೀಟರ್ ಕಲ್ಲು, ಬಾವಿಯ ಎದುರು' ಎಂದಿತ್ತು. ನೀನು ಹೋದಲ್ಲಿ ಬಾವಿ ಇತ್ತೇ ಎಂದು ಕೇಳಿದೆ. ಇರಲಿಲ್ಲ. ಹುಣಸೆಮರವಿತ್ತು, ಅದಕ್ಕೆ ಯಾರೋ ಕಟ್ಟಿದ ಹೂವಿನ ಹಾರ ಒಣಗಿ ನೇತಾಡುತ್ತಿತ್ತು. ಸಾವು ನಡೆದ ಜಾಗವೇ ಸರಿ ಎಂದುಕೊಂಡು ಅದರ ಬುಡದ ಕಲ್ಲನ್ನು ತಂದಿದ್ದ.

ಸಾವು ನಡೆದ ಜಾಗವೇ ಹೌದು, ಮುನಿರಾಜನದಲ್ಲ. ಅಪಘಾತವಾಗಿ ಎರಡು ವಾರದೊಳಗೆ, ರಸ್ತೆ ಅಗಲ ಮಾಡುತ್ತಿದ್ದ ಗುತ್ತಿಗೆದಾರನೊಬ್ಬ ಹಳೆಯ ಕಲ್ಲುಗಳನ್ನು ಕಿತ್ತೆಸೆದು ಹೊಸ ಎಣಿಕೆಯ ಕಲ್ಲುಗಳನ್ನು ನೆಡಿಸಿದ್ದ. ಹಳೆಯ ಎಪ್ಪತ್ತನಾಲ್ಕಕ್ಕೂ ಹುಣಸೆಮರದ ಬಳಿಯ ಹೊಸ ಎಪ್ಪತ್ತನಾಲ್ಕಕ್ಕೂ ವ್ಯತ್ಯಾಸ ಮೂರು ಕಿಲೋಮೀಟರು ನಾನೂರು ಮೀಟರು. ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಯಾವುದೆಂದು ಪಟ್ಟಿ ಮಾಡುವುದು ಅರ್ಧ ದಿನದ ಕೆಲಸ. ಅದನ್ನೂ ಮಾಡಲಾರದವರು ರಸ್ತೆಗೆ ಏಕೆ ಕೈ ಹಾಕುತ್ತಾರೆ? ಯಾರದೋ ಮನೆಯ ಸತ್ತವನನ್ನು ಇನ್ನಾರದೋ ಹೊಸ್ತಿಲಿಗೆ ತಂದು ಕೂರಿಸಿದ ತಪ್ಪು ಕುಮಾರೇಶನದಲ್ಲವೆಂದು ನಾನು ಈಗಲೂ ಹೇಳುತ್ತೇನೆ.

ಏಪ್ರಿಲ್ 28, ಭಾನುವಾರ, ಬೆಳಗಿನ ಐದೂವರೆಗೆ ಅವನು ಮೋಟಾರ್ ಸೈಕಲ್ಲಿನಲ್ಲಿ ಹೊರಟ. ಹೊಸ್ತಿಲಾಚೆ ಕುಳಿತವನನ್ನು ಮೊದಲು ಅವನ ಜಾಗಕ್ಕೆ ತಲುಪಿಸಿ, ಆಮೇಲೆ ತಮ್ಮನನ್ನು ಕರೆಯಬೇಕೆಂಬುದು ತಾಯಿಯ ಕಟ್ಟಪ್ಪಣೆ. ಹಿಂದೆ ಕಣ್ಣು ಹೋಗದಿರಲೆಂದು ಎರಡೂ ಕನ್ನಡಿಗಳನ್ನು ಒಳಕ್ಕೆ ಮಡಿಸಿದ್ದ. ಇದು ರಸ್ತೆ ನಿಯಮಕ್ಕೆ ವಿರುದ್ಧ. ಹಾಗೆಂದು ಅವನಿಗೆ ಹೇಳಿದ್ದೇನೆ. ಸತ್ತವನ ಭಾಷೆ ಯಾವುದೋ ತಿಳಿಯದು. ಸಿಕ್ಕ ಜಾಗ ನೋಡಿ ತಮಿಳೇ ಇರಬೇಕೆಂದು ಎಣಿಸಿ, ಸೇತುವೆ ಬಂದಾಗಲೆಲ್ಲ "ಅಣ್ಣಾ, ಪಾಲಂ ವರುದು" ಎನ್ನುತ್ತ ಸಾಗಿದ.

ರಾಯಕೋಟೆಯಲ್ಲಿ ಟೀ ಅಂಗಡಿಯ ಶ್ಯಾಮಣ್ಣ ಅದನ್ನು ಕೇಳಿಸಿಕೊಂಡ. "ಏನ್ಲಾ ಕುಮಾರೇಶ, ಹೆಲ್ಮೆಟ್ಟೊಳ್ಗೆ ಯಾರ್ನ ಮಡಿಕ್ಕೊಂಡಿದ್ದೀಯ?"

"ಒಬ್ರುನ್ನ ಬುಟ್ಬರಕ್ಕೆ ಹೊಂಟಿದ್ದೀನಿ."

"ಒಬ್ನೇ ಇದ್ದೀಯಲ್ಲಲಾ."

"ನಾನೂ ಅಂಗೇ ಅಂದ್ಕೊಂಡ್ ಬತ್ತಾ ಇದ್ದೀನಿ."

ಶ್ಯಾಮಣ್ಣ ನಕ್ಕ. ಆಮೇಲೆ ಸೀಟಿನ ಮೇಲಿನ ಹಳದಿ ಗಂಟನ್ನು ಕಂಡ. ಕೇಳದಿದ್ದರೂ ಎರಡನೆಯ ಲೋಟವೊಂದನ್ನು ತಂದು ಗಂಟಿನ ಪಕ್ಕ ಇಟ್ಟ.

ಕೃಷ್ಣಗಿರಿ ದಾಟಿ ಊತ್ತಂಗರೆ ಮುಟ್ಟುವಷ್ಟರಲ್ಲಿ ಬಿಸಿಲು ಹೊತ್ತಿಕೊಂಡಿತ್ತು. ಪೆಟ್ರೋಲ್ ಟ್ಯಾಂಕು ತೊಡೆಗೆ ಚುರುಗುಟ್ಟುತ್ತಿತ್ತು. ಬಾಟಲಿಯ ನೀರು ಸಾರಿನಂತಾಗಿತ್ತು. ಮೈಯ ಬೆವರೆಲ್ಲ ಗಾಳಿಗೆ ಆರುತ್ತಿದ್ದರೂ ಬೆನ್ನಿನ ನಡುವೆ, ಅಂಗೈಯಗಲದಷ್ಟು ಮಾತ್ರ, ಒದ್ದೆ ಆರಲಿಲ್ಲವಂತೆ, ಯಾರೋ ಹಣೆಯಿಟ್ಟು ಮಲಗಿದ ಹಾಗೆ. ಚೆಂಗಂವರೆಗೂ ಅವನು ಬೆನ್ನು ಸಡಿಲಿಸದೆ ಓಡಿಸಿದ.

ಹುಣಸೆಮರ ತಲುಪಿದಾಗ ಹನ್ನೊಂದು ಗಂಟೆ. ಹಾರ ಉದುರಿಹೋಗಿ ದಾರವಷ್ಟೇ ಉಳಿದಿತ್ತು. ಕಲ್ಲನ್ನು ಬುಡದಲ್ಲಿಟ್ಟು ನೀರು ಹೊಯ್ದ. ಇಂಥ ಹೊತ್ತಿನಲ್ಲಿ ಏನೂ ಹೇಳದೆ ಎದ್ದು ನಡೆದುಬಿಡಬೇಕು. ಆದರೆ ಯಾರ ಮನೆಯಿಂದಲೂ ಹಾಗೆ ಎದ್ದು ಬಂದವನಲ್ಲ ಅವನು. ಕೈ ಮುಗಿದು, "ಪೋಯಿಟ್ಟು ವರೇನ್, ಅಣ್ಣಾ" ಎಂದ. ಹೋಗಿಬರುತ್ತೇನೆ. ಮತ್ತೆ ಬರುವ ಮಾತು ಕೊಟ್ಟೆನೆಂದು ಅಂದ ಮೇಲೆ ತಿಳಿಯಿತು. ಅಂದದ್ದನ್ನು ಹಿಂದಕ್ಕೆ ತೆಗೆದುಕೊಂಡೆನೆಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ನಾನು ಬರೆದುಕೊಟ್ಟ ಅಳತೆಯಂತೆ ಮೂರು ಕಿಲೋಮೀಟರು ನಾನೂರು ಮೀಟರು ಹಿಂದಕ್ಕೆ ಬಂದರೆ ಬಾವಿ ಇತ್ತು. ಅದರೆದುರು, ರಸ್ತೆಯಂಚಿನಲ್ಲಿ, ಒಡೆದ ಹೆಡ್‌ಲೈಟಿನ ಗಾಜಿನ ಚೂರುಗಳು ಮಣ್ಣಿನಲ್ಲಿ ಇನ್ನೂ ಮಿನುಗುತ್ತಿದ್ದವು. ಕುಮಾರೇಶ್ ಅಲ್ಲಿಂದ ಕಲ್ಲೊಂದನ್ನೆತ್ತಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿಕೊಂಡ. ಮರಳುವ ದಾರಿಯಲ್ಲಿ ಪ್ರತಿ ಸೇತುವೆಗೂ, "ಮುನಿ, ಸೇತ್ವೆ ಬಂತು ಕಣ್ಲಾ, ಗಟ್ಟ್ಯಾಗ್ ಹಿಡ್ಕೊ" ಎಂದ. ಬಿಸಿಲಿಗೆ ಗಂಟಲೊಣಗಿ ಕೊನೆಕೊನೆಗೆ ಸ್ವರವೇ ಹೊರಡಲಿಲ್ಲ. ಆಗ ಗಾಡಿ ನಿಲ್ಲಿಸಿ, ಗಂಟನ್ನು ತುಟಿಯ ಹತ್ತಿರ ಹಿಡಿದು ಪಿಸುಗುಟ್ಟಿದ.

ಸಂಜೆ ಐದೂಮುಕ್ಕಾಲಿಗೆ ಮನೆ ಸೇರಿದ. ರಾಮಲಕ್ಷ್ಮಮ್ಮ ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಎಷ್ಟ್ ಕಾದ್ಬುಟ್ಟಿದ್ದೀಯಲಾ, ಮಗ" ಎಂದು ಸೆರಗಿನಲ್ಲಿ ಒರೆಸಿ, ನೇರ ಒಳಕ್ಕೆ ಒಯ್ದರು. ಹೊಸ್ತಿಲಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ಬಂದವನು ತಮ್ಮನೇ ಎಂದು ಕುಮಾರೇಶನಿಗೆ ಆಗ ಖಾತರಿಯಾಯಿತು.

ಊಟ ಬಡಿಸುತ್ತ ತಾಯಿ ಕೇಳಿದರು: "ಹುಣ್ಸೆಮರದಾತುಂಗೇನಂದ್ ಬಂದೆ?"

"ಹೋಗ್ಬತ್ತೀನಿ ಅಂದ್ಬುಟ್ಟೆ ಕಣವ್ವ."

ತಾಯಿ ಇನ್ನೊಂದು ಮುದ್ದೆ ಬಡಿಸಿದರು. "ಅಂದ್ಮ್ಯಾಕೆ ಹೋಗ್ಬೇಕು."

"ಯಾವಾಗ?"

"ಯಾವಾಗ ಅಂತ ಆತುಂಗೂ ಹೇಳಿಲ್ವಲ್ಲ. ದಿನಾ ಕಾಯ್ತವ್ನೆ."

ಹುಣಸೆಮರದ ಬಳಿ ಸತ್ತವನು ಯಾರೆಂದು ತಿಳಿಯಲು ನಾನು ಮೂರು ಅರ್ಜಿ ಬರೆದಿದ್ದೇನೆ, ಒಂದಕ್ಕೂ ಉತ್ತರವಿಲ್ಲ. 2025ರ ಏಪ್ರಿಲ್‌ನಲ್ಲಿ ಕುಮಾರೇಶ್ ಅದೇ ಬಿಸಿಲಿನಲ್ಲಿ, ಹೋಗಿಬರಲು ನಾನೂರ ನಾಲ್ಕು ಕಿಲೋಮೀಟರು, ಮತ್ತೆ ಒಬ್ಬನೇ ಹೋಗಿಬಂದ. ಈ ಸಲವಾದರೂ ಏನೂ ಹೇಳದೆ ಎದ್ದು ಬಂದೆಯಷ್ಟೆ ಎಂದು ಕೇಳಿದೆ.

"ಎಂಗ್ ಸಾರ್ ಎದ್ಬರದು, ಆತುನ್ನ ಕೇಳೋರ್ ಯಾರೂ ಇಲ್ಲ. ಹೋಗ್ಬತ್ತೀನಿ ಅಂತ್ಲೇ ಅಂದ್ ಬಂದೆ."