ಕತ್ತಾಳೆ ಬೆಂಡು, ಕತ್ತಾಳೆ ಹಗ್ಗ

ಬೆಳಿಗ್ಗೆ ಎದ್ದು ನಾನು ಮಾಡುವ ಕೆಲಸಗಳೆಲ್ಲ ನಿಮ್ಮ ಮನೆಯಲ್ಲೂ ನಡೆಯುವಂಥವೇ. ಬಾಗಿಲಿಗೆ ನೀರು ಹಾಕುವುದು, ನಾಲ್ಕು ಎಳೆ ರಂಗೋಲಿ, ಹಾಲಿನ ಪಾಕೀಟು ಕತ್ತರಿಸಿ ಒಲೆಯ ಮೇಲಿಡುವುದು, ನಳದಲ್ಲಿ ನೀರು ಬಂತೇ ಎಂದು ಕಿವಿಗೊಡುವುದು. ಒಂದು ಕೆಲಸ ಮಾತ್ರ ನಿಮ್ಮಲ್ಲಿ ಇರಲಾರದು. ಹಾಲು ಉಕ್ಕುವುದರೊಳಗೆ ನಾನು ಸದ್ದಿಲ್ಲದೆ ನಡುಮನೆಗೆ ಹೋಗುತ್ತೇನೆ. ಅಲ್ಲಿ ಕಿಟಕಿಯ ಸರಳಿಗೆ ಕಟ್ಟಿದ ಕತ್ತಾಳೆ ಹಗ್ಗದ ಗಂಟು ಬಿಚ್ಚಿ, ಒಂದು ಬೆರಳಿನಷ್ಟು ಸಡಿಲ ಬಿಟ್ಟು, ಮತ್ತೆ ಗಂಟು ಹಾಕಿ ಬರುತ್ತೇನೆ. ಬಂದ ಮೇಲೆ ಅಂಗೈ ಮೂಸಿ ನೋಡಿಕೊಳ್ಳುತ್ತೇನೆ. ಒಣಹುಲ್ಲು, ಹಳೆಯ ಗೋಣಿಚೀಲ, ಎಲ್ಲೋ ದೂರದ ಬಾವಿಯ ಪಾಚಿ, ಮೂರೂ ಸೇರಿದ ವಾಸನೆ ಅದು. ಈ ಹೊತ್ತಿಗೆ ಸಾಮಾನ್ಯವಾಗಿ ಹಾಲು ಉಕ್ಕಿರುತ್ತದೆ.

ಹಗ್ಗ ಇರುವುದು ನಮ್ಮ ಅತ್ತೆಯವರಿಗಾಗಿ. ಹೋದ ಚಳಿಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಎಲುಬೂ ಕೂಡಿತು. ಅಂಜಿಕೆ ಮಾತ್ರ ಹೋಗಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಎಲುಬಿಂದು ಏನೂ ತಕರಾರಿಲ್ರಿ. ಆದ್ರ ಅಮ್ಮಾರು ಅಡ್ಡಾಡಬೇಕು. ಈ ವಯಸ್ಸಿನಾಗ ಈಗ ಕುಂತ್ರಂದ್ರ ಕುಂತೇ ಬಿಡ್ತಾರ" ಎಂದರು. ಊರ ತುಂಬ ಅಡ್ಡಾಡಿದ ಹೆಂಗಸು ಅವರು. ಬಜಾರಿನಲ್ಲಿ ಅವರು ಚೌಕಾಸಿಗೆ ನಿಂತರೆ ಬಾಳೆಹಣ್ಣಿನವನು ಮೊದಲೇ ಕೈಮುಗಿದುಬಿಡುತ್ತಿದ್ದ.

ವಾಕರ್ ತಂದೆವು. "ಈ ಕಬ್ಬಿಣದ ಕುದುರಿ ಏರಾಕ ನಂದೇನು ಮದುವಿ ಐತೇನು?" ಎಂದು ಮೂಲೆಗೆ ತಳ್ಳಿದರು. ನನ್ನ ಯಜಮಾನರು ನೀಲಿ ನೈಲಾನ್ ಹಗ್ಗ ತಂದು, ಅವರ ಕೋಣೆಯ ಬಾಗಿಲಿನಿಂದ ಬಚ್ಚಲತನಕ ಸೊಂಟದೆತ್ತರಕ್ಕೆ ಬಿಗಿದರು. ಅತ್ತೆ ಒಮ್ಮೆ ಹಿಡಿದು ಕೈ ಕೊಡವಿಕೊಂಡರು. "ಹಾವು ಹಿಡದಂಗ ಆಗತೈತಿ. ಬ್ಯಾಡ." ಕೊನೆಗೆ ನಾನು ಬಜಾರಿನ ಹಗ್ಗದ ಅಂಗಡಿಯಲ್ಲಿ ಹುಡುಕಿಸಿ ಹೆಬ್ಬೆರಳು ಗಾತ್ರದ ಕತ್ತಾಳೆ ಹಗ್ಗ ತಂದೆ. ಅವರು ಅದರ ಮೇಲೆ ಅಂಗೈ ಆಡಿಸಿದರು, ನಾರಿನ ಮುಳ್ಳುಮುಳ್ಳು ಎಳೆಗಳನ್ನು ಸವರಿದರು. "ಹಾಂ, ಇದು ಹಗ್ಗ. ಕೈಯಾಗ ಕುಂದ್ರತೈತಿ" ಎಂದರು. ಅವರ ತವರಿನಲ್ಲಿ ಎತ್ತಿನ ಕಣ್ಣಿ, ಬಾವಿ ಸೇದುವ ಹಗ್ಗ, ಮೊಸರಿನ ಗಡಿಗೆ ತೂಗುವ ನೆಲವು ಎಲ್ಲವೂ ಕತ್ತಾಳೆಯದೇ ಅಂತೆ. ನೀಲಿ ಹಗ್ಗ ಬಿಚ್ಚಿ ಅದೇ ದಾರಿಗೆ ಇದನ್ನು ಬಿಗಿದು, ನಡುಮನೆಯ ಕಿಟಕಿ ಸರಳಿಗೆ ಗಂಟು ಹಾಕಿದೆವು. ಮರುದಿನದಿಂದಲೇ ಅವರು ಹಗ್ಗ ಹಿಡಿದು ನಡೆಯತೊಡಗಿದರು. ನಾನು ಹಿಂದೆ ಹಿಂದೆ.

ಸಡಿಲ ಬಿಡುವ ಉಪಾಯ ನನ್ನದಲ್ಲ, ಬುಕ್ಕಸಾಗರದ ನಮ್ಮ ಚಿಗವ್ವನದು. ಚಿಗವ್ವ ಎಂದರೆ ನಮ್ಮವ್ವನ ತಂಗಿ. ಈವತ್ತು ಆಕೆಯ ನೆನಪು ಗಟ್ಟಿಯಾಗಿ ಹಿಡಿದುಕೊಳ್ಳಲು ಕಾರಣವೂ ಇದೆ. ಕಂಪ್ಲಿಯಲ್ಲಿ ಬಳಗದವರ ಕೂಸಿನ ತೊಟ್ಟಿಲ ಕಾರ್ಯವಿತ್ತು. ಅತ್ತೆಯವರ ಮಂಚದ ಪಕ್ಕ ಊಟ, ನೀರು, ಫೋನು ಎಲ್ಲ ಇಟ್ಟು, "ನಾ ಬರೋಮಟಾ ಬಚ್ಚಲು ಬಿಟ್ಟು ಬ್ಯಾರೆ ಕಡೆ ಹೋಗಬ್ಯಾಡ್ರಿ" ಎಂದು ಕೂಸಿಗೆ ಹೇಳುವಂತೆ ಹೇಳಿ ಬಸ್ ಹತ್ತಿದೆ. ಮಲಪನಗುಡಿ, ಕಮಲಾಪುರ ದಾಟಿ ಬುಕ್ಕಸಾಗರದ ಗದ್ದೆಗಳು ಕಾಣುವಾಗ ಒಂದು ಬದುವಿನ ಮೇಲೆ ಕತ್ತಾಳೆಯ ಕಂಬ ಎದ್ದು ನಿಂತಿತ್ತು. ಕರೆಂಟ್ ಕಂಬದ ಪಕ್ಕ ಅದರ ತಮ್ಮನ ಹಾಗೆ.

ಕತ್ತಾಳೆಯನ್ನು ನೀವು ನೋಡಿಯೇ ಇರುತ್ತೀರಿ, ಗಮನಿಸಿರಲಿಕ್ಕಿಲ್ಲ. ಹಂಪಿಯ ಬಂಡೆಗಳ ಸಂದಿಯಲ್ಲಿ, ಹೊಲದ ಬೇಲಿಯಲ್ಲಿ, ತುದಿಗೊಂದು ಮುಳ್ಳಿಟ್ಟುಕೊಂಡು ಯಾರ ಗೊಡವೆಗೂ ಹೋಗದೆ ವರ್ಷಾನುಗಟ್ಟಲೆ ಕೂತಿರುತ್ತದೆ. ಸಂಡೂರಿನ ದಾರಿಯಲ್ಲಂತೂ ಅದಿರಿನ ಧೂಳು ಕುಡಿದು ಕೆಂಪಗಾಗಿರುತ್ತದೆ. ಕಾನ್ವೆಂಟಿನಿಂದ ಅಲ್ಲಿಗೆ ಪಿಕ್ನಿಕ್ ಹೋದಾಗ ಪಿನ್ನಿನಿಂದ ಅದರ ಎಲೆಯ ಮೇಲೆ ನನ್ನ ಹೆಸರು ಕೆತ್ತಿದ್ದೆ. ಸಿಸ್ಟರ್ ಬೈಯುತ್ತಾರೆಂದು ಹೆದರಿದರೆ, ಅವರು ಬಗ್ಗಿ ನೋಡಿ ಅಕ್ಷರ ಓರೆಯಾಗಿದೆ ಎಂದಷ್ಟೇ ಹೇಳಿದರು. ಇಂಥ ಸುಮ್ಮನಿರುವ ಗಿಡ ಒಂದು ವರ್ಷ ಇದ್ದಕ್ಕಿದ್ದಂತೆ ನಡುವಿನಿಂದ ಕಂಬ ಎಬ್ಬಿಸುತ್ತದೆ. ಹೂ ಬಿಟ್ಟು, ಕಂಬದ ಮೇಲೆಯೇ ಮರಿಗಳನ್ನು ಹೆತ್ತು, ಕೆಳಗೆ ಉದುರಿಸಿ, ತಾನು ಒಣಗಿಹೋಗುತ್ತದೆ. ಎಲೆಯಿಂದ ಹಗ್ಗವಾಗುತ್ತದೆ. ಎಲೆ ಸೀಳಿ ನೀರಿನಲ್ಲಿ ಕೊಳೆಹಾಕಿ ಜಜ್ಜಿ ತೊಳೆದರೆ ಬೆಳ್ಳಗಿನ ನಾರು. ಕೊಳೆಯುವಾಗಿನ ನಾತ, ರಸ ತಾಗಿದ ಕೈಯ ತುರಿಕೆ ಎರಡನ್ನೂ ಬಲ್ಲವರೇ ಬಲ್ಲರು. ಒಣಗಿದ ಕಂಬದಿಂದ ಬೆಂಡು. ಅದರ ಒಳಗೆಲ್ಲ ಹಗುರ ತಿರುಳು, ನೀರಿಗೆ ಹಾಕಿದರೆ ಮುಳುಗುವ ಮಾತೇ ಇಲ್ಲ. ನಮ್ಮ ಕಡೆ ಮಕ್ಕಳ ಬೆನ್ನಿಗೆ ಅದನ್ನು ಕಟ್ಟಿಯೇ ಈಜು ಕಲಿಸುತ್ತಿದ್ದುದು.

ಬೇಸಿಗೆ ರಜೆಗೆ ನಾನು ಬುಕ್ಕಸಾಗರಕ್ಕೆ ಹೋದರೆ ಚಿಗವ್ವ ಕೆನ್ನೆ ಹಿಂಡಿ, "ಹೊಳಿ ದಂಡಿ ಊರಿನ ಮೊಮ್ಮಗಳಿಗೆ ಈಸು ಬರಂಗಿಲ್ಲ ಅಂದ್ರ ಹರಿಗೋಲಿನವ ನಗತಾನ" ಎನ್ನುತ್ತಿದ್ದಳು. ಗಂಡಸರು ಹೊಲಕ್ಕೆ ಬರುವ ಮುಂಚೆ, ನಸುಕಿನಲ್ಲೇ ತೋಟದ ಬಾವಿಗೆ ಕರೆದೊಯ್ಯುತ್ತಿದ್ದಳು. ಮೊದಲ ದಿನ ತೊಡೆಗಾತ್ರದ ಬೆಂಡನ್ನು ಬೆನ್ನಿಗೆ ಕತ್ತಾಳೆ ಹಗ್ಗದಿಂದಲೇ ಬಿಗಿದು ಮೆಟ್ಟಿಲಿನಿಂದ ನೂಕಿದಳು. ನನ್ನ ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಕಾನ್ವೆಂಟಿನ ಪ್ರಾರ್ಥನೆ.

"ಅದ್ಯಾವ ಮಂತ್ರಲೇ?" ಎಂದಳು ಚಿಗವ್ವ.

"ಸಿಸ್ಟರ್ ಕಲಿಸ್ಯಾರ."

"ನಿಮ್ಮ ಸಿಸ್ಟರಿಗೆ ಈಸು ಬರತೈತೇನು ಕೇಳು ಮೊದಲು. ಬಾಯಿ ಮುಚ್ಚಿ ಕಾಲು ಬಡಿ!"

ಬಡಿದೆ. ಕೆಲವೇ ದಿನಗಳಲ್ಲಿ ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಕಪ್ಪೆಯಂತೆ ಹೋಗಿ ಬರುತ್ತಿದ್ದೆ. ಬೆಂಡು ಕಟ್ಟುವವಳೂ ಚಿಗವ್ವ, ಬಿಚ್ಚುವವಳೂ ಚಿಗವ್ವ. ಬಿಚ್ಚಿದ್ದನ್ನು ಪಂಪಿನ ಕೋಣೆಯಲ್ಲಿ ನನಗೆ ಎಟುಕದ ಗೂಟಕ್ಕೆ ಹಾಕುತ್ತಿದ್ದಳು. ಅದು ಯಾಕೆಂದು ನನಗೆ ಗೊತ್ತಾದದ್ದು ಬಾವಿಯ ನಟ್ಟನಡುವೆ. ಬೆನ್ನು ತುರಿಸಿತು. ಕೈ ಹಿಂದೆ ಹಾಕಿದೆ. ತೊಡೆಗಾತ್ರದ ಬೆಂಡು ಇರಬೇಕಾದಲ್ಲಿ ಬದನೆಕಾಯಿಯಷ್ಟು ಚೂರು! ಚಿಗವ್ವ ದಿನಾ ಸಂಜೆ ಕುಡುಗೋಲಿನಿಂದ ಅದನ್ನು ಸವರುತ್ತ ಬಂದಿದ್ದಳು. ಮುಟ್ಟಿದ್ದೇ ತಡ, ಅಷ್ಟು ಹೊತ್ತು ತೇಲುತ್ತಿದ್ದ ಮೈ ಕಲ್ಲಾಯಿತು. ಕೈಕಾಲು ಯಾರದೋ ಆದವು. ಹೊಟ್ಟೆ ತುಂಬ ಬಾವಿ ನೀರು ಕುಡಿದೆ. ಚಿಗವ್ವ ಉಟ್ಟ ಸೀರೆಯಲ್ಲೇ ಹಾರಿ ಜಡೆ ಹಿಡಿದು ಎಳೆದು ಮೆಟ್ಟಿಲ ಮೇಲೆ ಹಾಕಿದಳು.

"ನಿನ್ನೆನೂ ಹೆಚ್ಚುಕಮ್ಮಿ ಇಷ್ಟೇ ಇತ್ತಲ್ಲೇ, ಹುಚ್ಚಿ! ನಿನ್ನೆ ಈಸಿದಿ. ಇವತ್ತ ಮುಟ್ಟಿ ನೋಡು ಅಂತ ನಿನಗ್ಯಾರು ಹೇಳಿದ್ರು?" ಎಂದು ಬೈಯುತ್ತ ಬೆನ್ನು ತಿಕ್ಕಿದಳು. ಅವಳೂ ನಡುಗುತ್ತಿದ್ದಳು. ಮರುದಿನ ನಾನು ಬಾವಿಗೆ ಹೋಗಲಿಲ್ಲ. ಆಮೇಲೆ ಯಾವತ್ತೂ ಹೋಗಲಿಲ್ಲ. ಈಗಲೂ ಡ್ಯಾಂ ನೋಡಲು ಹೋದರೆ ಕಂಬಿಯಿಂದ ಒಂದು ಗಜ ಹಿಂದೆ ನಿಂತು, ದೃಶ್ಯ ಭಾಳ ಚಂದ ಎನ್ನುವವಳು ನಾನು.

ಬಸ್ಸಿನಲ್ಲಿ ಕೂತು ಇದನ್ನೆಲ್ಲ ನೆನೆಯುವಾಗಲೇ ಒಂದು ಮಾತು ಹೊಳೆಯಿತು. ಚಿಗವ್ವನ ಉಪಾಯ ಅರ್ಧ ಗೆದ್ದದ್ದು, ಅರ್ಧ ಸೋತದ್ದು. ಆ ಸೋತ ಅರ್ಧವೇ ನಾನು. ನಮ್ಮ ಮನೆಯ ಹಗ್ಗ ಈಗ ಎಷ್ಟು ಸಡಿಲವೆಂದರೆ ಅದು ಅತ್ತೆಯವರನ್ನು ಹಿಡಿದಿಲ್ಲ, ಅವರೇ ಅದನ್ನು ಸೆರಗಿನ ಹಾಗೆ ಎತ್ತಿಕೊಂಡು ನಡೆಯುತ್ತಿದ್ದಾರೆ. ಒಂದು ದಿನ ಅವರು ಬಗ್ಗಿ ನೋಡಿದರೆ? ನನ್ನ ಹಾಗೆಯೇ ನಡುದಾರಿಯಲ್ಲಿ ಕಲ್ಲಾದರೆ? ಅಲ್ಲಿ ಜಡೆ ಹಿಡಿದು ಎಳೆಯಲು ಬರುವುದಿಲ್ಲ. ಕಂಪ್ಲಿಯಲ್ಲಿ ಕೂಸಿಗೆ ಏನು ಹೆಸರಿಟ್ಟರೋ ನನಗೆ ಸರಿಯಾಗಿ ಕೇಳಿಸಲೂ ಇಲ್ಲ.

ಸಂಜೆ ಮನೆಗೆ ಬಂದಾಗ ಅತ್ತೆಯವರು ಬಿಟ್ಟುಹೋದ ಜಾಗದಲ್ಲೇ, ಮಂಚದ ಮೇಲೆ ಪಾಪದವರ ಹಾಗೆ ಕೂತಿದ್ದರು. "ಬಂದೇನವ್ವಾ? ಬಚ್ಚಲಕ್ಕ ಹೋಗಬೇಕು, ನೀ ಹಿಂದ ನಿಂದ್ರು" ಎಂದು ಎದ್ದರು. ಹಗ್ಗ ಹಿಡಿದು ಹೊರಟವರು ನಡುಮನೆಯಲ್ಲಿ ನಿಂತೇಬಿಟ್ಟರು. ತಲೆ ಬಗ್ಗಿಸಿ ಕೈಯನ್ನು ನೋಡಿದರು.

"ಈ ಹಗ್ಗ ಯಾಕೋ ಜೋತು ಬಿದ್ದಂಗ ಕಾಣತೈತಲ್ಲ?"

"ಎಳದೂ ಎಳದೂ ಹಿಗ್ಗೈತ್ರಿ ಅತ್ತಿ. ಕತ್ತಾಳಿ ಅಲ್ರಿ? ಈಗ ಬಿಗೀತೀನಿ."

"ಹೌದೇನು?" ಎಂದು ಹಗ್ಗವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಕಿಟಕಿಗೆ ಓಡಿದೆ. ಇಷ್ಟು ದಿನ ಬೆರಳು ಬೆರಳಾಗಿ ಬಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಎಳೆದು, ಹಗ್ಗ ತಂತಿಯಾಗುವಂತೆ ಬಿಗಿದು, ಗಂಟಿನ ಮೇಲೆ ಗಂಟು ಹಾಕತೊಡಗಿದೆ. ಕೈಗೆ ನಾರು ಚುಚ್ಚುತ್ತಿತ್ತು. ಕಿಟಕಿಯಾಚೆ, ಕಾಂಪೌಂಡಿನ ಆ ಬದಿಗೆ, ಪಕ್ಕದ ಮನೆಯ ಶಾಂತಕ್ಕ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದವಳು ನನ್ನನ್ನು ಕಂಡು ತಲೆ ಎತ್ತಿದಳು.

"ಕಂಪ್ಲಿಯಿಂದ ಈಗ ಬಂದ್ರೇನ್ರಿ? ನಿಮ್ಮತ್ತಿಯವರು ಮಧ್ಯಾಹ್ನ ನಮ್ಮನ್ಯಾಗ ಚಾ ಕುಡದು ಹೋದ್ರು ನೋಡ್ರಿ. ನೀವು ಹೊರಗ ಹೋದಾಗೆಲ್ಲ ಒಬ್ಬರೇ ಬರ್ತಾರಲ್ಲ, ಇವತ್ತ ಮೆಟ್ಟಲ ಹತ್ರ ಕೈ ಕೊಡಾಕ ಹೋದೆ, 'ಸರಿ ಅತ್ಲಾಗ' ಅಂದು ತಾವೇ ಹತ್ತಿದ್ರು. ಚಾಕ್ಕ ಸಕ್ಕರಿ ಕಮ್ಮಿ ಆಗೈತಿ ಅಂತ ಭಾಳ ಬೈದ್ರು ನೋಡ್ರಿ ನನಗ."