ಸುಗಲಮ್ಮನ ನಾಲ್ಕು ಸೆಲ್ಲುಗಳು

ಸತ್ತ ಸೆಲ್ಲಿಗೆ ಜೀವ ಕೊಡುವ ವಿದ್ಯೆ ಇಡೀ ಮಲ್ಕಾಜ್‌ಗಿರಿಯಲ್ಲಿ ಸುಗಲಮ್ಮನೊಬ್ಬಳಿಗೇ ಗೊತ್ತಿತ್ತು. ಎಡಗಡೆಯ ಕೋರೆಹಲ್ಲಿನಿಂದ ಸೆಲ್ಲನ್ನು ಮೂರು ಕಡೆ ಕಚ್ಚಿ, ಮಾಳಿಗೆಯ ಮೇಲೆ ಒಣಮೆಣಸಿನಕಾಯಿಯ ಪಕ್ಕ ಬಿಸಿಲಿಗೆ ಇಟ್ಟಳೆಂದರೆ, ನಿನ್ನೆ ಉಸಿರು ಬಿಟ್ಟಿದ್ದ ಟಾರ್ಚು ಇವತ್ತು ಕಣ್ಣು ಬಿಡುತ್ತಿತ್ತು. ಆ ಹಲ್ಲು ತಾಗಿದ ಗಡಿಯಾರ ಸಿಕಂದರಾಬಾದ್ ಸ್ಟೇಷನ್ನಿನ ಗಡಿಯಾರವನ್ನೇ ಹಿಂದೆ ಹಾಕಿತೆಂದು ಒಬ್ಬ ರೈಲ್ವೆ ಗಾರ್ಡು ಹೇಳುತ್ತಿದ್ದ. ಮೂರು ವರ್ಷ ಮೌನವಾಗಿದ್ದ ತನ್ನ ರೇಡಿಯೊ ಎದ್ದು ಕುಳಿತು ಹವಾಮಾನ ವರದಿ ಓದಿತೆಂದು ಇನ್ನೊಬ್ಬ ಆಣೆ ಇಡುತ್ತಿದ್ದ.

ಇಂಥ ಧನ್ವಂತರಿಗೆ ತನ್ನ ಕಿವಿಯ ಸೆಲ್ಲೇ ಶತ್ರುವಾಯಿತು. ಐವತ್ತೆರಡು ತುಂಬುವಷ್ಟರಲ್ಲಿ ಸುಗಲಮ್ಮನ ಎರಡೂ ಕಿವಿ ಮಂದವಾಗಿದ್ದವು. ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಮಷೀನು, ಅದರೊಳಗೆ ಒಂದು ಪೆನ್ಸಿಲ್ ಸೆಲ್ಲು, ಅಲ್ಲಿಂದ ಬಲಗಿವಿಗೆ ಒಂದು ತಂತಿ. ಸೆಲ್ಲು ನಡೆದರೆ ಲೋಕವೆಲ್ಲ ಕೇಳುತ್ತಿತ್ತು. ನಿಂತರೆ, ಬಲಗಿವಿಗೆ ಬಾಯಿ ಹಚ್ಚಿ ಕೂಗಿದವರ ಮಾತು ಮಾತ್ರ.

ಗಂಡ, ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಸಾಬಣ್ಣ, ತೀರಿಕೊಂಡು ವರ್ಷವಾಗಿತ್ತು. ಜೂನ್ ಮುಗಿಯುವುದರೊಳಗೆ ರೈಲ್ವೆ ಕ್ವಾರ್ಟರ್ಸ್ ಬಿಡಬೇಕಿತ್ತು. ಮುಂದೆ ಎಲ್ಲಿಗೆ ಎಂಬುದಕ್ಕೆ ಉತ್ತರ ಇದ್ದದ್ದು ಒಂದೇ. ಆಗ ಹೈದರಾಬಾದಿನ ಮಾಧಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಲ್ಲಿಗೆ ಕೆಲಸಕ್ಕೆ ಬಂದ ಹುಡುಗಿಯರಿಗಾಗಿ ರಾಯಚೂರಿನ ವೇದವತಿ ಒಂದು ಹಾಸ್ಟೆಲ್ ತೆರೆದಿದ್ದಳು. ಅಡುಗೆಮನೆ ನೋಡಿಕೊಳ್ಳಲು ಹೆಂಗಸು ಬೇಕಿತ್ತು. ಕೆಲಸದ ಜೊತೆಗೆ ಇರಲು ಒಂದು ಕೋಣೆ. ಈಗಾಗಲೇ ಮೂವರು ಬಂದು, ಹುಡುಗಿಯರ ಜೊತೆ ಜಗಳ ಕಾಯ್ದು, ಗಂಟು ಕಟ್ಟಿಕೊಂಡು ಹೋಗಿದ್ದರು.

“ಅಡಗಿ ಯಾರರೆ ಮಾಡ್ತಾರ್ರಿ. ನನಗ ಬೇಕಾಗಿದ್ದು ಕೇಳೋ ಕಿವಿ,” ಎಂದಳು ವೇದವತಿ, ಕೆಲಸ ಕೇಳಿಕೊಂಡು ಬಂದ ಸುಗಲಮ್ಮನಿಗೆ. “ಜೂನ್ ಎರಡನೇ ಭಾನುವಾರ ಬರ್ರಿ. ಹುಡುಗ್ಯಾರ ಜೋಡಿ ಊಟಕ್ಕ ಕುಂದ್ರಿ. ಅವರ ತಕರಾರೆಲ್ಲ ಕೇಳಿ, ಏನು ಬದಲ್ ಮಾಡಬೇಕಂತ ನನಗ ಹೇಳ್ರಿ. ಆ ಮಷೀನ್ ಸರಿ ಐತಿಲ್ಲೋ?”

“ಬಂಗಾರದಂಗ ಐತ್ರಿ,” ಎಂದಳು ಸುಗಲಮ್ಮ. ಆ ಮಾತು ಮುಗಿಯುವುದರೊಳಗೆ ಬಂಗಾರ ಎರಡು ಸಲ ಗೊರಕೆ ಹೊಡೆಯಿತು.

ಎದುರು ಗಲ್ಲಿಯಲ್ಲಿ ಉಡುಪಿ ಕಡೆಯ ದಿನೇಶ ಬಾಡಿಗೆಗಿದ್ದ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಹೊಟ್ಟೆಗೆ ಸುಗಲಮ್ಮನ ಜೋಳದ ರೊಟ್ಟಿ. ಅವನೇ ಆಕೆಯನ್ನು ಕೋಠಿ ಬಜಾರಿನ ಸೆಲ್ಲಿನ ಅಂಗಡಿಗೆ ಕರೆದುಕೊಂಡು ಹೋದ.

“ಕಚ್ಚಿ ಕಚ್ಚಿ ಎಷ್ಟು ದಿನ ಅಂತ ಓಡಿಸ್ತೀರಿ ಮಾರಾಯ್ರೆ? ಚಾರ್ಜ್ ಮಾಡುವ ಸೆಲ್ಲು ಉಂಟು. ಐನೂರು ಸಲ ತುಂಬಿಸಬಹುದು.”

ಅಂಗಡಿಯವನು ಹೊಳೆಯುವ ಸೆಲ್ಲುಗಳನ್ನು ಹರವಿ, “ಯೇ ಲೇಲೋ ಅಮ್ಮಾ, ಸಬ್‌ಸೇ ಬಡಾ ನಂಬರ್!” ಎಂದು ಮೇಲೆ ಬರೆದಿದ್ದ ಶಕ್ತಿಯ ಅಂಕಿ ತೋರಿಸಿದ. ಸುಗಲಮ್ಮ ಒಂದನ್ನು ಅಂಗೈಯಲ್ಲಿ ತೂಗಿ ನೋಡಿ, “ಪೊಳ್ಳು ಐತಿ,” ಎಂದು ಪಕ್ಕಕ್ಕಿಟ್ಟಳು. ದಿನೇಶ ಅದನ್ನು ಎತ್ತಿ ನೋಡಿ, ಭಾರವಾದ ಇನ್ನೊಂದು ಜಾತಿಯನ್ನೇ ಆರಿಸಿದ. ನಂಬರ್ ಯಾರು ಬೇಕಾದರೂ ಬರೆಯಬಹುದು, ತೂಕ ಬರೆಯಲಾಗುವುದಿಲ್ಲ ಎಂದು ಆ ದಿನ ಒಬ್ಬ ಇಂಜಿನಿಯರ್ ಕಲಿತ.

ಚಾರ್ಜರ್ ಸರದಿ ಬಂದಾಗ ಅವನು ಗುರುವಾದ. “ಎರಡೆರಡು ಸೆಲ್ಲು ಜೋಡಿ ಹಾಕಿದರೆ ಮಾತ್ರ ನಡೆಯುವ ಚಾರ್ಜರ್ ಬೇಡ. ನಿಮ್ಮ ಮಷೀನಿಗೆ ಬೇಕಾದದ್ದು ಒಂದೇ ಸೆಲ್ಲು. ಒಂದೊಂದಕ್ಕೂ ಬೇರೆ ದೀಪ ಇರ್ಬೇಕು, ತುಂಬಿದ ಮೇಲೆ ತಾನೇ ನಿಲ್ಬೇಕು.”

“ಗಡಿಯಾರಕ್ಕ, ರಿಮೋಟಿಗೆ ಇದನ್ನ ಹಾಕೂದೇನು?”

“ಅದಕ್ಕೆಲ್ಲ ಸಾದಾ ಸೆಲ್ಲೇ ಸಾಕು. ಅವು ಕುಡಿಯುವುದೇ ಗುಟುಕು ಗುಟುಕು. ಇವು ಸುಮ್ಮನೆ ಕೂತರೂ ಸೋರ್ತವೆ, ದಿನಾ ಬಳಸಿ, ದಿನಾ ತುಂಬಿಸಿ. ಮತ್ತೆ, ಬಿಸಿಲಿಗಿಡಬೇಡಿ. ಕಚ್ಚಬೇಡಿ!”

“ಕಚ್ಚದ ಹ್ಯಾಂಗ ನಂಬೂದಪಾ?”

ಸುಗಲಮ್ಮ ನಾಲ್ಕೂ ಸೆಲ್ಲುಗಳನ್ನು ಹಸಿರು ದೀಪ ಬರುವವರೆಗೆ ತುಂಬಿಸಿದಳು. ಬಿಸಿಲಿಗಿಡಲಿಲ್ಲ, ಕಚ್ಚಲಿಲ್ಲ. ದಿನಾ ಬಳಸು ಎಂದದ್ದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ಒಳ್ಳೆಯ ವಸ್ತು ದಿನಬಳಕೆಗೆ ಉಂಟೆ? ಇಳಕಲ್ ಸೀರೆ ಉಟ್ಟು ಯಾರಾದರೂ ಬೋಗುಣಿ ತಿಕ್ಕುತ್ತಾರೆಯೆ? ಅವಕ್ಕೆ ಕುಂಕುಮ ಹಚ್ಚಿ, ತನ್ನ ಬೆಳ್ಳಿಸರ ಇಟ್ಟಿದ್ದ ಸ್ಟೀಲ್ ಡಬ್ಬಿಯೊಳಗೆ ಮಲಗಿಸಿ, ಸರವನ್ನೇ ಹೊದಿಸಿ, ದೇವರ ಮಾಡದಲ್ಲಿಟ್ಟಳು. ದೊಡ್ಡ ದಿನಕ್ಕೆ ಇರಲಿ ಎಂದು.

ಸೆಲ್ಲಿನ ಎರಡು ತುದಿಗೂ ಒಂದೇ ಲೋಹ ತಾಗಿದರೆ ಒಳಗಿನ ಶಕ್ತಿಯೆಲ್ಲ ಆ ದಾರಿಯಲ್ಲೇ ಹರಿದು ಬರಿದಾಗುತ್ತದೆ ಎಂಬುದನ್ನು ದಿನೇಶ ಹೇಳಿರಲಿಲ್ಲ. ಸೆಲ್ಲಿಗೆ ಯಾರಾದರೂ ಆಭರಣ ತೊಡಿಸಿಯಾರು ಎಂದು ಉಡುಪಿಯವನಿಗೆ ಹೊಳೆಯುವುದಾದರೂ ಹೇಗೆ? ಕೋಣೆ ಕೊಡಿಸಬೇಕಿದ್ದ ಶಕ್ತಿಯನ್ನು ಬೆಳ್ಳಿಸರ ಸದ್ದಿಲ್ಲದೆ ಕುಡಿದು ಮುಗಿಸಿತು.

ಭಾನುವಾರ ಬಂತು. ಸುಗಲಮ್ಮ ಹಳೆಯ ಸೆಲ್ಲನ್ನು ಗಡಿಯಾರಕ್ಕೆ ದಾನ ಮಾಡಿ, ಹೊಸವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಷೀನು ಖಾಲಿ. ಹಾರ್ನು, ಕಂಡಕ್ಟರನ ಬೈಗುಳ, ಇಂಥ ಕ್ಷುಲ್ಲಕ ಸದ್ದುಗಳಿಗೆ ಹೊಸ ಸೆಲ್ಲು ಸುರಿಯಲು ಆಕೆಗೇನು ಹುಚ್ಚೆ?

ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು ಮೊದಲನೆಯದನ್ನು ಹಾಕಿದಳು. ಸದ್ದಿಲ್ಲ. ಎರಡನೆಯದು ಕುಂಯ್ ಎಂದು ಒಂದೇ ಉಸಿರು ಎಳೆದು ನಿಂತಿತು. ಮೂರನೆಯದು ಅಷ್ಟೂ ಎಳೆಯಲಿಲ್ಲ. ನಾಲ್ಕನೆಯದನ್ನು ಹಾಕಿ, ತೆಗೆದು, ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು. ಲೋಕ ಬಾಯಿ ಬಿಡಲಿಲ್ಲ. ಕೊನೆಗೆ ಬ್ರಹ್ಮಾಸ್ತ್ರ ಪ್ರಯೋಗವಾಯಿತು: ಕೋರೆಹಲ್ಲು. ಮಲ್ಕಾಜ್‌ಗಿರಿಯನ್ನು ಗೆದ್ದಿದ್ದ ಹಲ್ಲಿಗೆ ಈ ಸೆಲ್ಲು ಬಗ್ಗಲಿಲ್ಲ. ನೋವು ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಸುಗಲಮ್ಮ ಎದೆಯ ಮಷೀನು ತೋರಿಸಿ ಏನೋ ಹೇಳಲು ಹೊರಟಳು. ವೇದವತಿ ನಗುತ್ತ, ತುಟಿ ಆಡಿಸುತ್ತ, ತೋಳು ಹಿಡಿದು ಒಳಗೆ ಎಳೆದೊಯ್ದಳು.

ಉದ್ದನೆಯ ಮೇಜು, ಒಂಬತ್ತು ಹುಡುಗಿಯರು, ಒಂಬತ್ತು ಬಾಯಿ. ಎಲ್ಲವೂ ಒಟ್ಟಿಗೇ ತೆರೆದು ಮುಚ್ಚುತ್ತಿದ್ದವು. ಒಬ್ಬಳು ಮೇಜು ಗುದ್ದಿದಳು. ಇನ್ನೊಬ್ಬಳು ಎದ್ದು ನಿಂತಳು. ಸುಗಲಮ್ಮ ಎಲ್ಲರ ಕಡೆಗೂ ಗಂಭೀರವಾಗಿ ತಲೆಯಾಡಿಸಿದಳು. ಜೂನ್ ಮುಗಿಯಲು ಹದಿನೆಂಟು ದಿನ ಉಳಿದಿದ್ದವು. ಬಾಯಿಗಳಿಂದ ಏನೂ ಸಿಕ್ಕದೆ ಆಕೆಯ ಕಣ್ಣು ಕೆಳಗಿಳಿಯಿತು.

ಕಾಲು ಗಂಟೆಯಾದ ಮೇಲೆ ಬಾಯಿಗಳೆಲ್ಲ ನಿಂತು, ಎಲ್ಲರ ಮುಖ ಆಕೆಯತ್ತ ತಿರುಗಿತು. ವೇದವತಿಯ ಹುಬ್ಬು ಮೇಲೇರಿತು. ಈಗ ಹೇಳಲೇಬೇಕು.

“ಚಪಾತಿ ಮುಂಜಾನಿ ಮಾಡಿ ಇಟ್ಟಾರ, ಅಂಚು ರಟ್ಟಾಗ್ಯಾವ. ಊಟದ ಹೊತ್ತಿಗೆ ಬಿಸಿ ಮಾಡಬೇಕು. ಪಲ್ಯಾಕ್ಕ ಖಾರ ಭಾಳ ಆಗೈತಿ. ಅನ್ನ ನಡುವ ಬೆಂದಿಲ್ಲ. ಮಜ್ಜಗಿ ಒಂದು ಚಲೋ ಐತಿ, ಅದನ್ನ ಮುಟ್ಟಬ್ಯಾಡ್ರಿ.”

ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಮೈಸೂರಿನ ಕೃಪಾ ಎದ್ದು ಚಪ್ಪಾಳೆ ತಟ್ಟಿದಳು. ಮಿಕ್ಕವರ ಕೈಗಳೂ ಕೂಡಿದವು. ವೇದವತಿ ಸೊಂಟದಿಂದ ಕೋಣೆಯ ಬೀಗದ ಕೈ ಬಿಚ್ಚಿ ಸುಗಲಮ್ಮನ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು. ಏನೋ ಕೇಳಿದಳು. ಸುಗಲಮ್ಮ ಬಲಗಿವಿ ಮುಂದೆ ಚಾಚಿದಳು. ವೇದವತಿ ಅದಕ್ಕೆ ಬಾಯಿ ಹಚ್ಚಿ, ಗದ್ದಲದ ಮೇಲೆ ಕೂಗಿದಳು:

“ನಾಕು ಭಾಷಾದಾಗ ಒಂಬತ್ತು ಮಂದಿ ಒದರ್‍ಯಾಡಿದ್ರಲ್ಲವಾ! ಅಷ್ಟೂ ಹ್ಯಾಂಗ ತಲಿಗೆ ಹೋತ್ರಿ ನಿಮಗ?”

“ಏನೂ ಕೇಳಿಸಲಿಲ್ರಿ,” ಎಂದಳು ಸುಗಲಮ್ಮ. “ತಾಟಿನಾಗ ಏನೇನು ಬಿಟ್ಟಾರಂತ ನೋಡಿದೆ.”