ಮೇಷ್ಟ್ರ ಗೆಟ್ಟು

ಇಂಗ್ಲಿಷ್ ಮೇಷ್ಟ್ರಿಗೆ ಉದ್ದುದ್ದ ಪದಗಳೆಂದರೆ ತಾತ್ಸಾರ; ಅವರ ಬೆರಗೆಲ್ಲ ಸೆಟ್, ರನ್, ಪುಟ್ ಎಂಬ ಚೋಟುದ್ದದ ಪದಗಳ ಮೇಲೆ, ಅದರಲ್ಲೂ 'ಗೆಟ್' ಎಂದರೆ ಪಂಚಪ್ರಾಣ. ಸಿಗುವುದೂ ಅದೇ, ತರುವುದೂ ಅದೇ, ಏಳುವುದೂ ಅದೇ, ಅರ್ಥವಾಗುವುದೂ ಅದೇ ಎಂದು ತರಗತಿಯಲ್ಲಿ ಕಣ್ಣರಳಿಸಿ ನಿಂತರೆ ಸೀಮೆಸುಣ್ಣ ಬೆರಳಲ್ಲೇ ಪುಡಿಯಾಗುತ್ತದೆ. ಮನೆಯಲ್ಲಿ ತಟ್ಟೆಯ ಮುಂದೆಯೂ ಅದೇ ಪಾಠ. "ನಿಮ್ಮ ಗೆಟ್ಟು ಹಾಳಾಗ್ಲಿ, ಊಟ ಆರ್ತಿದೆ ಕಣ್ರೀ!" ಎಂದು ಹೆಂಡತಿ ಗದರುತ್ತಿದ್ದಳು. ಹೋದ ವರ್ಷ ಆಕೆಗೆ ಲಕ್ವ ಹೊಡೆದು ಮಾತೆಲ್ಲ ಹೋಯಿತು; ಅದೇಕೋ ಆ ಒಂದು ಪದ ಮಾತ್ರ ನಾಲಿಗೆಯ ಮೇಲೆ ಉಳಿದುಕೊಂಡಿತು. ಕಿಟಕಿ ತೆರೆಯಲು ಗೆಟ್ಟು, ದಿಂಬು ಸರಿಸಲು ಗೆಟ್ಟು, ಮೇಷ್ಟ್ರು ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡರೆ ನಗುತ್ತಾ ಗೆಟ್ಟು. ಎಲ್ಲ ಅರ್ಥವೂ ಗೊತ್ತೆಂದುಕೊಂಡಿದ್ದ ಮೇಷ್ಟ್ರು ಈಗ ದಿನವೂ ತಡವರಿಸುತ್ತಾರೆ. ನಿನ್ನೆ ಶಾಲೆಯಿಂದ ಬಂದೊಡನೆ "ಗೆಟ್ಟು" ಎಂದಳು. ನೀರು ತಂದರು, ಅಲ್ಲವೆಂದು ತಲೆಯಾಡಿಸಿದಳು. ಹೊದಿಕೆ ತಂದರು, ಅದೂ ಅಲ್ಲ. "ಇನ್ನೇನೇ ನನ್ನಮ್ಮಾ?" ಎಂದು ಸೋತು ಮಂಚದ ಅಂಚಿಗೆ ಕುಳಿತರು. ಅದಕ್ಕೇ ಕಾದಿದ್ದವಳಂತೆ ಆಕೆ ಸ್ವಾಧೀನವಿದ್ದ ಕೈಯಿಂದ ಅವರ ಬೆರಳಿಗಂಟಿದ ಸೀಮೆಸುಣ್ಣದ ಪುಡಿಯನ್ನು ಒರೆಸುತ್ತಾ, ಮೆಲ್ಲಗೆ, "ಗೆಟ್ಟು" ಎಂದಳು. ಮೇಷ್ಟ್ರು ಮೊದಲ ಬೆಂಚಿನ ಹುಡುಗನಂತೆ ಉಸಿರು ಬಿಗಿಹಿಡಿದು, "ಇನ್ನೊಂದ್ಸಲ ಹೇಳೇ," ಎಂದರು.